ಲಕ್ವ ಹೊಡೆದಾಗ ಮೊದಲು ಗಡಿಯಾರ ನೋಡಿ

ಮುಂಬಯಿಯ ಘಾಟ್ಕೋಪರದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದ ಅಣ್ಣನ ಬಲಗೈಯಿಂದ ಚಿಲ್ಲರೆ ಜಾರಿತು. ಎರಡು ರೂಪಾಯಿಯ ನಾಣ್ಯವೊಂದು ಕೌಂಟರಿನ ಗಾಜಿನ ಮೇಲೆ ಉರುಳಿ ಸೋಂಪಿನ ಬಟ್ಟಲಿನ ಪಕ್ಕ ನಿಂತಿತು. ಎತ್ತಿಕೊಳ್ಳಲು ಹೋದರು. ಬೆರಳು ನಾಣ್ಯದ ಮೇಲೇ ಇತ್ತು, ಹಿಡಿತ ಮಾತ್ರ ಬರಲಿಲ್ಲ. ಸಪ್ಲೈಯರ್ ಹುಡುಗ ನಕ್ಕನಂತೆ. ಆಗ ಬೆಳಿಗ್ಗೆ 8.40, ಇಡ್ಲಿ-ವಡೆಯ ರಶ್ಶು. ಒಬ್ಬರು ಪಿತ್ತ ಎಂದರು, ಇನ್ನೊಬ್ಬರು ಶುಗರ್ ಇಳಿದಿರಬೇಕು ಎಂದರು. ಸಕ್ಕರೆ ನೀರು ಕುಡಿಸಿದರೆ ಬಾಯಿಯ ಬಲಮೂಲೆಯಿಂದ ಸೋರಿತು. ಸ್ವಲ್ಪ ಮಲಗಲಿ ಎಂದು ಒಳಗಿನ ರೂಮಿಗೆ ಕರೆದುಕೊಂಡು ಹೋದರು. ಊಟದ ಗಿರಾಕಿಗಳೆಲ್ಲ ಹೋದ ಮೇಲೆ ಎಬ್ಬಿಸಲು ಹೋದರೆ ಬಲಗಾಲೂ ಬಿದ್ದಿತ್ತು, ಮಾತೂ ನಿಂತಿತ್ತು. ಆಸ್ಪತ್ರೆ ಮುಟ್ಟಿದಾಗ ಮಧ್ಯಾಹ್ನ 3.30.

ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಇರುವ ಗಡುವು ನಾಲ್ಕೂವರೆ ಗಂಟೆ. ಅದು 1.10ಕ್ಕೇ ಮುಗಿದಿತ್ತು.

ನಾನು ಮುಲುಂಡಿನಿಂದ ಡೊಂಬಿವಲಿಯವರೆಗೆ ಮನೆಮನೆಗೆ ಹೋಗಿ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್. ಅಣ್ಣ ನನ್ನ ಕೈಗೆ ಬಂದದ್ದು ಹದಿನೈದು ದಿನ ಕಳೆದ ಮೇಲೆ. ನನ್ನ ಬಳಿ ಬರುವವರೆಲ್ಲ ಹೀಗೆಯೇ, ಆಗಬೇಕಾದದ್ದೆಲ್ಲ ಆಗಿ ಮುಗಿದ ಮೇಲೆ ಬರುತ್ತಾರೆ. ಮೊದಲ ಒಂದು ಗಂಟೆಯಲ್ಲಿ ಏನು ನಡೆಯಿತು ಎಂದು ಕೇಳಿದರೆ ಹತ್ತರಲ್ಲಿ ಎಂಟು ಮನೆಗಳಲ್ಲಿ ಇದೇ ಸಕ್ಕರೆ ನೀರಿನ ಕಥೆ. ಹಾಗಾಗಿ ಈ ಬರಹದಲ್ಲಿ ಮೊದಲ ಗಂಟೆಗೆ ಜಾಗ ಜಾಸ್ತಿ.

ತಲೆಯೊಳಗೆ ಆಗುವುದೇನು

ಲಕ್ವ, ಪಾರ್ಶ್ವವಾಯು, ಪಕ್ಷಾಘಾತ, ಪ್ಯಾರಲಿಸಿಸ್ ಎಂದು ನಾವು ಕರೆಯುವುದು ಕೈಕಾಲು ಬೀಳುವುದನ್ನು. ಪೆಟ್ಟು ಬಿದ್ದಿರುವುದು ಮಾತ್ರ ಮಿದುಳಿಗೆ. ಡಾಕ್ಟರು ಅದನ್ನು ಸ್ಟ್ರೋಕ್ ಎನ್ನುತ್ತಾರೆ. ಅದರಲ್ಲಿ ಎರಡು ಬಗೆ. ಮಿದುಳಿಗೆ ಹೋಗುವ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ಅದರ ಮುಂದಿನ ಭಾಗಕ್ಕೆ ರಕ್ತ ನಿಲ್ಲುವುದು ಒಂದು. ನಾಳವೇ ಒಡೆದು ರಕ್ತ ಮಿದುಳಿನೊಳಗೆ ಚೆಲ್ಲುವುದು ಇನ್ನೊಂದು. ಮೊದಲನೆಯದೇ ಹೆಚ್ಚು. ಪೈಪಿನಲ್ಲಿ ಕಸ ಕಟ್ಟಿದರೂ ಮೇಲಿನ ಮಹಡಿಗೆ ನೀರಿಲ್ಲ, ಪೈಪು ಒಡೆದರೂ ನೀರಿಲ್ಲ. ನಲ್ಲಿ ತಿರುಗಿಸಿ ನೋಡುವವನಿಗೆ ಎರಡೂ ಒಂದೇ. ಆದರೆ ಮಿದುಳಿನ ವಿಷಯದಲ್ಲಿ ಒಂದಕ್ಕೆ ಕೊಡುವ ಮದ್ದು ಇನ್ನೊಂದಕ್ಕೆ ವಿಷ. ಯಾವುದು ಎಂದು ಹೊರಗಿನಿಂದ ನೋಡಿ ದೊಡ್ಡ ಡಾಕ್ಟರಿಗೂ ಖಚಿತವಾಗಿ ಹೇಳಲಾಗದು. ಸ್ಕ್ಯಾನ್ ಆಗಲೇಬೇಕು.

ರಕ್ತ ನಿಂತ ಕೂಡಲೇ ನಡುವಿನ ಒಂದಿಷ್ಟು ಜಾಗ ಸಾಯುತ್ತದೆ. ಅದರ ಸುತ್ತಲಿನ ಭಾಗ ಸತ್ತಿರುವುದಿಲ್ಲ, ಹಸಿದು ಸುಮ್ಮನಾಗಿರುತ್ತದೆ. ರಕ್ತ ಮತ್ತೆ ಹರಿದರೆ ಎದ್ದು ಕೂರುತ್ತದೆ, ಹರಿಯದಿದ್ದರೆ ಅದೂ ಹೋಗುತ್ತದೆ. ದೊಡ್ಡ ನಾಳ ಮುಚ್ಚಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಲೆಕ್ಕವನ್ನು 2006ರಲ್ಲಿ ಹಾಕಿದ್ದಾರೆ. ಅವಸರವೆಲ್ಲ ಆ ಹಸಿದ ಭಾಗವನ್ನು ಉಳಿಸಿಕೊಳ್ಳಲಿಕ್ಕೆ.

ಹೆಜ್ಜೆ 1: ನಗಿಸಿ, ಎತ್ತಿಸಿ, ಹೇಳಿಸಿ

ಅನುಮಾನ ಬಂದ ಕೂಡಲೇ ಎದುರಿಗೆ ಕೂರಿಸಿ ಹಲ್ಲು ಕಾಣುವಂತೆ ನಗಲು ಹೇಳಿ. ಬಾಯಿ ಒಂದು ಕಡೆಗೆ ಎಳೆಯುತ್ತದೆಯೇ? ಎರಡೂ ಕೈ ಮುಂದಕ್ಕೆ ಎತ್ತಿಸಿ ಕಣ್ಣು ಮುಚ್ಚಿಸಿ, ಮನಸ್ಸಿನಲ್ಲೇ ಹತ್ತು ಎಣಿಸಿ. ಒಂದು ಕೈ ತಾನಾಗಿ ಕೆಳಗಿಳಿಯುತ್ತದೆಯೇ? ‘ನಾಳೆ ಬೆಳಿಗ್ಗೆ ಬೇಗ ಎದ್ದು ಹಾಲು ತರಬೇಕು’ ಎಂಬಂಥ ಸಾದಾ ವಾಕ್ಯ ಹೇಳಿ, ಅದನ್ನೇ ಹೇಳಿಸಿ. ನಾಲಗೆ ತೊದಲುತ್ತದೆಯೇ, ಪದ ಅದಲುಬದಲಾಗುತ್ತದೆಯೇ, ನೀವು ಹೇಳಿದ್ದೇ ಅರ್ಥವಾಗದೆ ಪಿಳಿಪಿಳಿ ನೋಡುತ್ತಾರೆಯೇ? ಮೂರರಲ್ಲಿ ಒಂದು ತಪ್ಪಿದರೂ ಸಾಕು, ಹೊರಡಿ. ಮೂರೂ ತಪ್ಪಲಿ ಎಂದು ಕಾಯಬೇಡಿ.

ಈ ಮೂರಕ್ಕೆ ಸಿಗದ ಸ್ಟ್ರೋಕುಗಳೂ ಇವೆ. ಇದ್ದಕ್ಕಿದ್ದಂತೆ ಒಂದು ಕಣ್ಣು ಮಂಜಾಗುವುದು ಅಥವಾ ನೋಟದ ಅರ್ಧ ಭಾಗ ಮಾಯವಾಗುವುದು, ಒಂದು ಎರಡಾಗಿ ಕಾಣುವುದು, ನಿಂತರೆ ತೂರಾಡಿ ಒಂದೇ ಕಡೆಗೆ ಬೀಳುವುದು, ಜೀವಮಾನದಲ್ಲಿ ಕಾಣದಂಥ ತಲೆನೋವು ಸಿಡಿಲು ಬಡಿದಂತೆ ಬರುವುದು. ಇಲ್ಲೆಲ್ಲ ಮುಖ್ಯವಾದ ಪದ ‘ಇದ್ದಕ್ಕಿದ್ದಂತೆ’. ತೂರಾಡುವವರನ್ನು ಕುಡಿದಿದ್ದಾರೆ ಎಂದು ಬಿಟ್ಟುಬಿಟ್ಟದ್ದನ್ನೂ ಕಂಡಿದ್ದೇನೆ.

ಅರ್ಧ ಗಂಟೆ ಕೈ ಜೋಮು ಹಿಡಿದು ಮತ್ತೆ ಪೂರ್ತಿ ಸರಿಹೋಯಿತು ಎನ್ನಿ. ‘ಬಂದು ಹೋಯಿತು, ದೇವರು ದೊಡ್ಡವನು’ ಎನ್ನುತ್ತೇವೆ. ಹೆಪ್ಪು ತಾನಾಗಿ ಕರಗಿದಾಗ ಹೀಗಾಗುತ್ತದೆ. ದೊಡ್ಡ ಹೊಡೆತ ಬೀಳುವ ಅಪಾಯ ಎಲ್ಲಕ್ಕಿಂತ ಹೆಚ್ಚಿರುವುದು ಅದರ ನಂತರದ ಎರಡು ದಿನಗಳಲ್ಲಿ. ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಸೋಮವಾರ ನೋಡೋಣ ಎನ್ನುವಂತಿಲ್ಲ.

ಹೆಜ್ಜೆ 2: ಗಂಟೆ ಬರೆದುಕೊಳ್ಳಿ

ಕ್ಯಾಶುವಲ್ಟಿಯಲ್ಲಿ (ಆಸ್ಪತ್ರೆಯ ತುರ್ತು ವಿಭಾಗದಲ್ಲಿ) ಮೊದಲು ಕೇಳುವ ಪ್ರಶ್ನೆ ‘ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ?’ ಎಂಬುದು. ನೀವು ನೋಡಿದ್ದು ಯಾವಾಗ ಎಂಬುದಲ್ಲ. ರಾತ್ರಿ 11ಕ್ಕೆ ಮಲಗಿದವರು ಬೆಳಿಗ್ಗೆ 6ಕ್ಕೆ ಏಳುವಾಗ ಕೈ ಬಿದ್ದಿದ್ದರೆ ಗಡಿಯಾರ ಶುರುವಾಗುವುದು 11ರಿಂದ. ನಡುರಾತ್ರಿ 3ಕ್ಕೆ ಎದ್ದು ಬಾತ್‌ರೂಮಿಗೆ ಹೋಗಿ ಬಂದದ್ದನ್ನು ಯಾರಾದರೂ ಕಂಡಿದ್ದರೆ 3ರಿಂದ. ಆ ನಾಲ್ಕು ಗಂಟೆಯ ವ್ಯತ್ಯಾಸ ಒಂದು ಕಾಲು ಉಳಿಸಬಹುದು. ಹೋಟೆಲುಗಳ ಮಾಳಿಗೆಯಲ್ಲಿ ಆರೆಂಟು ಜನ ಸಾಲಾಗಿ ಮಲಗುತ್ತಾರೆ, ಪಕ್ಕದವನನ್ನು ಕೇಳಿ. ಫೋನಿನಲ್ಲಿ ಕೊನೆಯ ಕರೆ, ಕೊನೆಯ ಮೆಸೇಜು ಎಷ್ಟಕ್ಕೆ ಎಂದೂ ನೋಡಿ. ನಿದ್ದೆಯಲ್ಲಿ ಹೊಡೆದದ್ದಾದರೆ ಕೈ ಚೆಲ್ಲಬೇಕಿಲ್ಲ. ಎಂಆರ್‌ಐ ನೋಡಿ ಗಾಯ ಹೊಸದೋ ಹಳೆಯದೋ ಎಂದು ಅಂದಾಜು ಮಾಡಿ ಚಿಕಿತ್ಸೆ ಕೊಡುವ ದಾರಿ ಈಗ ಇದೆ.

ಗಂಟೆಯ ಜೊತೆಗೆ ಇನ್ನೆರಡು ವಿಷಯ ಒಂದು ಚೀಟಿಯಲ್ಲಿರಲಿ: ದಿನಾ ನುಂಗುವ ಮಾತ್ರೆಗಳು (ರಕ್ತ ತೆಳುಮಾಡುವ ಮಾತ್ರೆ ಇದ್ದರೆ ಅಡಿಗೆರೆ ಹಾಕಿ), ಮತ್ತು ದೇಹದ ತೂಕ. ಇಂಜೆಕ್ಷನ್ನಿನ ಪ್ರಮಾಣ ನಿಂತಿರುವುದು ತೂಕದ ಮೇಲೆ. ಮಲಗಿದವರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಲಾಗುವುದಿಲ್ಲ.

ಹೆಜ್ಜೆ 3: ಇಷ್ಟನ್ನು ಮಾಡಬೇಡಿ

ಬಾಯಿಗೆ ಏನನ್ನೂ ಹಾಕಬೇಡಿ. ನೀರು, ಕಾಫಿ, ಸಕ್ಕರೆ, ತೀರ್ಥ, ಏನೂ ಬೇಡ. ಗಂಟಲಿನ ಒಂದು ಬದಿ ಸತ್ತಿದ್ದರೆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ, ಎರಡು ದಿನಕ್ಕೆ ನ್ಯುಮೋನಿಯಾ. ಗ್ಲುಕೋಮೀಟರ್ ಇದ್ದರೆ ಬೆರಳು ಚುಚ್ಚಿ ಶುಗರ್ ನೋಡಿ ಬರೆದುಕೊಳ್ಳಿ. ಶುಗರ್ ತೀರಾ ಇಳಿದರೂ ಲಕ್ವದಂತೆಯೇ ಕಾಣುವುದುಂಟು. ಆದರೂ ಗ್ಲುಕೋಸು ಕೊಡುವುದು ಆಸ್ಪತ್ರೆಯವರ ಕೆಲಸ, ಅವರು ನರಕ್ಕೆ ಕೊಡುತ್ತಾರೆ.

ಹಾರ್ಟ್ ಅಟ್ಯಾಕಿಗೆ ಕೊಡುತ್ತಾರಲ್ಲ ಎಂದು ಆಸ್ಪಿರಿನ್ ಕೊಡಬೇಡಿ. ನಾಳ ಒಡೆದಿದ್ದರೆ ಬೆಂಕಿಗೆ ತುಪ್ಪ. ಬಿಪಿ 190 ತೋರಿಸಿತು ಎಂದು ಮನೆಯಲ್ಲಿದ್ದ ಬಿಪಿ ಮಾತ್ರೆಯನ್ನು ಎರಡೆರಡು ನುಂಗಿಸಬೇಡಿ. ಮುಚ್ಚಿದ ನಾಳದಾಚೆಗೆ ಒಂದಿಷ್ಟು ರಕ್ತ ನೂಕಲು ದೇಹವೇ ಬಿಪಿ ಏರಿಸಿಕೊಂಡಿರುತ್ತದೆ. ಅದನ್ನು ಧಡಕ್ಕನೆ ಇಳಿಸಿದರೆ ಹಸಿದ ಭಾಗಕ್ಕೆ ಸಿಗುತ್ತಿದ್ದ ತುತ್ತೂ ಹೋಗುತ್ತದೆ.

ಎಣ್ಣೆ ತಿಕ್ಕುವುದು, ಪಾರಿವಾಳದ ರಕ್ತ ಹಚ್ಚುವುದು, ಬೆರಳತುದಿಗೂ ಕಿವಿಯ ಹಾಲೆಗೂ ಸೂಜಿ ಚುಚ್ಚಿ ರಕ್ತ ಹನಿಸಿದರೆ ಲಕ್ವ ಇಳಿಯುತ್ತದೆ ಎಂಬ ವಾಟ್ಸಾಪ್ ಮೆಸೇಜು. ಈ ಮೆಸೇಜನ್ನು ನನಗೆ ವರ್ಷಕ್ಕೆ ನಾಲ್ಕು ಸಲವಾದರೂ ಯಾರೋ ಕಳಿಸುತ್ತಾರೆ, ಓದಿದವರೇ ಕಳಿಸುತ್ತಾರೆ. ಇದರಿಂದ ಯಾವ ಹೆಪ್ಪೂ ಕರಗದು. ಸೂಜಿ ಹುಡುಕುವ ಹೊತ್ತಿಗೆ ಆಂಬುಲೆನ್ಸಿಗೆ ಫೋನು ಮಾಡಬಹುದು. ಊರಿನಲ್ಲಿ ಲಕ್ವಕ್ಕೆ ಮದ್ದು ಕೊಡುವವರಿದ್ದಾರೆ, ರಾತ್ರಿ ಬಸ್ಸಿಗೆ ಕರೆದುಕೊಂಡು ಹೋಗೋಣ ಎನ್ನುವ ಹಿರಿಯರ ಜೊತೆ ಜಗಳವಾಡಬೇಡಿ. ‘ಸ್ಕ್ಯಾನ್ ಆದ ಮೇಲೆ ಹೋಗೋಣ’ ಎನ್ನಿ. ಈ ಉಪಾಯ ಸಾಮಾನ್ಯವಾಗಿ ಫಲಿಸುತ್ತದೆ.

ಮಾಡಬೇಕಾದ್ದು ಇಷ್ಟೇ: ವಾಂತಿ ಬಂದರೆ ಅಥವಾ ಎಚ್ಚರ ತಪ್ಪುತ್ತಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ, ಕಟ್ಟಿಸಿದ ಹಲ್ಲು ತೆಗೆಯಿರಿ, ಷರ್ಟಿನ ಕಾಲರು ಸಡಿಲಿಸಿ.

ಹೆಜ್ಜೆ 4: ಹತ್ತಿರದ ಆಸ್ಪತ್ರೆಗಲ್ಲ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ

ಮುಂಬಯಿಯಲ್ಲಿ ಗಲ್ಲಿಗೊಂದು ನರ್ಸಿಂಗ್ ಹೋಮ್. ಅಲ್ಲಿ ಸಲೈನ್ ಏರಿಸಿ, ಇಸಿಜಿ ತೆಗೆದು, ‘ಬೆಳಿಗ್ಗೆ ದೊಡ್ಡ ಡಾಕ್ಟರು ಬರುತ್ತಾರೆ’ ಎಂದರೆ ನಿಮ್ಮ ನಾಲ್ಕೂವರೆ ಗಂಟೆ ಅಲ್ಲೇ ಹೋಯಿತು. ಅಣ್ಣನ ವಿಷಯದಲ್ಲೂ 3.30ಕ್ಕೆ ಮುಂಚಿನ ನಲವತ್ತು ನಿಮಿಷ ಹಾಗೆಯೇ ಒಂದು ಕಡೆ ಕಳೆದಿತ್ತು. ಹೊರಡುವ ಮುನ್ನ, ಅಥವಾ ಗಾಡಿಯಲ್ಲಿ ಕೂತೇ, ಫೋನು ಮಾಡಿ ಕೇಳಿ: ಈಗ ಸಿಟಿ ಸ್ಕ್ಯಾನ್ ನಡೆಯುತ್ತದೆಯೇ? ಸ್ಟ್ರೋಕಿನ ಇಂಜೆಕ್ಷನ್ ಕೊಡುವವರಿದ್ದಾರೆಯೇ? ತಂತಿ ತೂರಿಸಿ ಹೆಪ್ಪು ತೆಗೆಯುವ ಕ್ಯಾಥ್ ಲ್ಯಾಬ್ ಇದೆಯೇ? ಮೊದಲ ಎರಡಕ್ಕೆ ಇಲ್ಲ ಎಂದರೆ ಮುಂದಿನ ಆಸ್ಪತ್ರೆ. ಈ ಕೆಲಸವನ್ನು ಆಪತ್ತು ಬರುವ ಮೊದಲೇ, ಒಂದು ಭಾನುವಾರ ಕೂತು ಮಾಡಿ ನಂಬರು ಬರೆದಿಟ್ಟರೆ ಇನ್ನೂ ಒಳ್ಳೆಯದು.

ಮಹಾರಾಷ್ಟ್ರದಲ್ಲಿ 108 ಉಚಿತ ಆಂಬುಲೆನ್ಸ್. ಅದು ಬರಲು ತಡವೆಂದು ಗೊತ್ತಾದರೆ ಟ್ಯಾಕ್ಸಿಯಾದರೂ ಸರಿ, ಆದರೆ ಬೈಕಿನ ನಡುವೆ ಕೂರಿಸಿಕೊಂಡು ಹೋಗಬೇಡಿ. ದುಡ್ಡಿನ ಚಿಂತೆ ಇರುವವರಿಗೆ ಪರೇಲಿನ ಕೆಇಎಂ, ಸಾಯನ್, ಮುಂಬಯಿ ಸೆಂಟ್ರಲಿನ ನಾಯರ್, ಈ ಮೂರೂ ಪಾಲಿಕೆಯ ದೊಡ್ಡ ಆಸ್ಪತ್ರೆಗಳಲ್ಲಿ ನರರೋಗ ವಿಭಾಗವಿದೆ. ಚಾಳಿನ ಮೆಟ್ಟಿಲಿಳಿಸುವಾಗ ಕಂಕುಳಿಗೆ ಕೈಹಾಕಿ ಎಳೆಯಬೇಡಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ವರು ಎತ್ತಿ. ಬಿದ್ದ ತೋಳಿನ ಭುಜದ ಕೀಲು ಒಂದೇ ಎಳೆತಕ್ಕೆ ಜಾರುತ್ತದೆ. ಆ ನೋವನ್ನು ನಾನು ಆಮೇಲೆ ಆರು ತಿಂಗಳು ನೋಡುತ್ತೇನೆ.

ಹೆಜ್ಜೆ 5: ಕ್ಯಾಶುವಲ್ಟಿಯೊಳಗೆ

ಬಾಗಿಲಲ್ಲೇ ‘ಸ್ಟ್ರೋಕ್ ಇರಬಹುದು, 8.40ಕ್ಕೆ ಶುರುವಾಯಿತು’ ಎಂದು ಹೇಳಿ. ಚಕ್ಕರ್ ಬಂತು, ಕಮ್ಜೋರಿ ಎಂದು ಶುರುಮಾಡಿದರೆ ಸಾಲಿನಲ್ಲಿ ಹಿಂದೆ ಬೀಳುತ್ತೀರಿ.

ಶುಗರ್, ಬಿಪಿ ನೋಡಿದ ಮೇಲೆ ತಲೆಯ ಸಿಟಿ ಸ್ಕ್ಯಾನ್. ರಕ್ತ ಚೆಲ್ಲಿದ್ದರೆ ಅದರಲ್ಲಿ ಬೆಳ್ಳಗೆ ಕಾಣುತ್ತದೆ. ಹೆಪ್ಪು ಕಟ್ಟಿದ್ದರೆ ಮೊದಲ ಕೆಲವು ಗಂಟೆಗಳಲ್ಲಿ ಸಿಟಿ ಹೆಚ್ಚುಕಡಿಮೆ ನಾರ್ಮಲ್ಲಾಗಿಯೇ ಬರಬಹುದು. ‘ಸ್ಕ್ಯಾನ್ ನಾರ್ಮಲ್, ಏನೂ ಇಲ್ಲ’ ಎಂದು ಮನೆಗೆ ಹೊರಡಬೇಡಿ. ಆ ಹೊತ್ತಿನಲ್ಲಿ ನಾರ್ಮಲ್ ಎಂದರೆ ರಕ್ತಸ್ರಾವ ಇಲ್ಲ, ಇಂಜೆಕ್ಷನ್ ಕೊಡಬಹುದು ಎಂದರ್ಥ. ಬೇಗನೆ ಗಾಯ ತೋರಿಸುವುದು ಎಂಆರ್‌ಐ. ಯಾವ ನಾಳ ಮುಚ್ಚಿದೆ ಎಂದು ನೋಡಲು ರಕ್ತನಾಳಕ್ಕೆ ಬಣ್ಣದ ಮದ್ದು ಚುಚ್ಚಿ ಆಂಜಿಯೋಗ್ರಾಮ್ ಎಂಬ ನಾಳಗಳ ಚಿತ್ರ ತೆಗೆಯುತ್ತಾರೆ. ನಡುವೆ ಡಾಕ್ಟರು ಕೈ ಎತ್ತಿಸಿ, ಕಣ್ಣಾಡಿಸಿ, ಚಿತ್ರ ತೋರಿಸಿ 0ಯಿಂದ 42ರವರೆಗಿನ ಒಂದು ಅಂಕ ಕೊಡುತ್ತಾರೆ. ಅಂಕ ಹೆಚ್ಚಿದಷ್ಟೂ ಪೆಟ್ಟು ದೊಡ್ಡದು.

ಇಂಜೆಕ್ಷನ್ನಿಗೆ ಸಹಿ ಕೇಳಿದಾಗ ಮನೆಯವರು ಗಾಬರಿಯಾಗುವುದನ್ನು ಬಹಳ ಸಲ ಕೇಳಿದ್ದೇನೆ. ಊರಿನಲ್ಲಿರುವ ದೊಡ್ಡಪ್ಪನಿಗೆ ಫೋನು, ಅವರು ಎತ್ತುವುದಿಲ್ಲ, ಮಂಗಳೂರಿನಲ್ಲಿರುವ ಯಾರೋ ಡಾಕ್ಟರಿಗೆ ಫೋನು. ಮೊದಲೇ ತಿಳಿದಿರಲಿ. ಔಷಧಿಯ ಹೆಸರು ಆಲ್ಟಿಪ್ಲೇಸ್ ಅಥವಾ ಟೆನೆಕ್ಟಿಪ್ಲೇಸ್. ಮೊದಲನೆಯದನ್ನು ಒಂದು ಗಂಟೆ ಹನಿಸುತ್ತಾರೆ, ಎರಡನೆಯದು ಒಂದೇ ಸಲಕ್ಕೆ ಮುಗಿಯುತ್ತದೆ. ಆಲ್ಟಿಪ್ಲೇಸ್ ಕೆಲಸ ಮಾಡುತ್ತದೆಂದು ತೋರಿಸಿದ ಅಮೆರಿಕದ ದೊಡ್ಡ ಅಧ್ಯಯನ ಹೊರಬಂದದ್ದು 1995ರಲ್ಲಿ. ಅದರಲ್ಲಿ ಔಷಧಿ ಪಡೆದ ನೂರರಲ್ಲಿ ಸುಮಾರು ಆರು ಜನಕ್ಕೆ ಮಿದುಳಿನಲ್ಲಿ ರಕ್ತಸ್ರಾವವಾಗಿ ತೊಂದರೆಯಾಯಿತು. ಆದರೂ ಮೂರು ತಿಂಗಳ ಮೇಲೆ ತಮ್ಮ ಕೆಲಸ ತಾವು ಮಾಡಿಕೊಳ್ಳುವಷ್ಟು ಚೇತರಿಸಿಕೊಂಡವರು ಔಷಧಿ ಪಡೆದವರಲ್ಲೇ ಹೆಚ್ಚು. ಅಪಾಯ ಇದೆ, ಲಾಭ ಅದಕ್ಕಿಂತ ದೊಡ್ಡದು. ನನ್ನ ಮನೆಯವರಿಗಾದರೆ ಸಹಿ ಹಾಕುತ್ತೇನೆ.

ದೊಡ್ಡ ನಾಳವೇ ಮುಚ್ಚಿದ್ದರೆ ತೊಡೆಸಂದಿಯ ಅಥವಾ ಮಣಿಕಟ್ಟಿನ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ ಹೆಪ್ಪನ್ನು ಎಳೆದು ತೆಗೆಯುತ್ತಾರೆ. 2015ರಲ್ಲಿ ಒಂದರ ಹಿಂದೊಂದು ಐದು ಅಧ್ಯಯನಗಳು ಇದರ ಪರವಾಗಿ ಬಂದವು. ಆರು ಗಂಟೆಯೊಳಗೆ ಮಾಡುವುದು ಉತ್ತಮ. ಸ್ಕ್ಯಾನಿನಲ್ಲಿ ಉಳಿಸಬಹುದಾದ ಭಾಗ ಕಂಡರೆ 24 ಗಂಟೆಯವರೆಗೂ ಮಾಡಬಹುದು ಎಂದು 2018ರಲ್ಲಿ ತಿಳಿಯಿತು. ಅಣ್ಣನಿಗೆ ಈ ಬಾಗಿಲು ತೆರೆದಿರಬಹುದಿತ್ತು, ಆದರೆ ಅವರನ್ನು ಸೇರಿಸಿದ ಕಡೆ ಆ ಸೌಲಭ್ಯವಿರಲಿಲ್ಲ. ಬೇರೆ ಕಡೆ ಇದೆ ಎಂದು ಯಾರೂ ಹೇಳಲೂ ಇಲ್ಲ.

ರಕ್ತ ಚೆಲ್ಲಿದ ಬಗೆಯಾದರೆ ದಾರಿ ಬೇರೆ. ಬಿಪಿಯನ್ನು ಹತೋಟಿಯಲ್ಲಿಟ್ಟು ಇಳಿಸುವುದು, ರಕ್ತ ತೆಳುಮಾಡುವ ಮಾತ್ರೆಯ ಪರಿಣಾಮ ತೆಗೆಯುವುದು, ಕೆಲವರಿಗೆ ಆಪರೇಷನ್. ಇನ್ನು ಮಿದುಳು ತೀರಾ ಊದಿಕೊಂಡರೆ ತಲೆಬುರುಡೆಯ ಒಂದು ತುಂಡನ್ನು ತಾತ್ಕಾಲಿಕವಾಗಿ ತೆಗೆದಿಡುತ್ತಾರೆ. ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಜೀವ ಉಳಿಸುವ ಕೆಲಸ ಅದು.

ಹೆಜ್ಜೆ 6: ಗಾಯ ಎಲ್ಲಿ ಎಂದು ಕೇಳಿ ತಿಳಿದುಕೊಳ್ಳಿ

ಡಿಸ್ಚಾರ್ಜ್ ಆಗುವಾಗ ಡಾಕ್ಟರನ್ನು ಕೇಳಲೇಬೇಕಾದ ಪ್ರಶ್ನೆ ಇದು. ಮಿದುಳಿನಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಜಾಗವಿದೆ, ಹಾಗಾಗಿ ಗಾಯದ ಜಾಗ ತಿಳಿದರೆ ಮನೆಯಲ್ಲಿ ಎದುರಾಗುವುದೇನು ಎಂದು ಮೊದಲೇ ಗೊತ್ತಾಗುತ್ತದೆ.

ಎಡ ಮಿದುಳಿಗೆ ಪೆಟ್ಟಾದರೆ ಬಲಗೈ ಬಲಗಾಲು ಬೀಳುತ್ತವೆ, ಬಹುಪಾಲು ಜನಕ್ಕೆ ಮಾತಿನ ಜಾಗವೂ ಅಲ್ಲೇ. 1861ರಲ್ಲಿ ಪ್ಯಾರಿಸಿನಲ್ಲಿ ಪಾಲ್ ಬ್ರೋಕಾ ಎಂಬ ವೈದ್ಯ, ‘ಟಾನ್’ ಎಂಬ ಒಂದೇ ಉಲಿ ಉಳಿದಿದ್ದ ರೋಗಿ ತೀರಿಕೊಂಡ ಮೇಲೆ ಅವನ ಮಿದುಳು ನೋಡಿ ಎಡಮುಂಭಾಗದ ಗಾಯವನ್ನು ಗುರುತಿಸಿದ. ಅಲ್ಲಿ ಗಾಯವಾದರೆ ಎಲ್ಲ ಅರ್ಥವಾಗುತ್ತದೆ, ಪದ ಹೊರಡುವುದಿಲ್ಲ. 1874ರಲ್ಲಿ ಕಾರ್ಲ್ ವೆರ್ನಿಕೆ ಇನ್ನೊಂದು ಬಗೆ ತೋರಿಸಿದ. ಗಾಯ ಇನ್ನೂ ಹಿಂದೆ, ಕಿವಿಯ ಮೇಲ್ಭಾಗದತ್ತ ಇದ್ದರೆ ಮಾತು ಧಾರಾಳವಾಗಿ ಹರಿಯುತ್ತದೆ, ಅರ್ಥ ಇರುವುದಿಲ್ಲ, ನಾವು ಹೇಳಿದ್ದೂ ತಲೆಗೆ ಹೋಗುವುದಿಲ್ಲ. ಇವರನ್ನು ತಲೆ ಕೆಟ್ಟಿದೆ ಎಂದು ಮನೋರೋಗದ ಡಾಕ್ಟರ ಬಳಿ ಕರೆದೊಯ್ಯುವುದುಂಟು.

ಬಲ ಮಿದುಳಿನ ಪೆಟ್ಟು ಇನ್ನೂ ವಿಚಿತ್ರ. ಮಾತು ಚೆನ್ನಾಗಿರುತ್ತದೆ, ‘ನನಗೇನಾಗಿದೆ?’ ಎನ್ನುತ್ತಾರೆ. ಭಾಂಡುಪಿನ ಒಬ್ಬ ಅಮ್ಮನ ಮನೆಗೆ ನಾನು ಹೋದ ದಿನ ಏನೋ ಪೂಜೆ, ಬಾಳೆಲೆ ಊಟ. ಅಮ್ಮ ಎಲೆಯ ಬಲಗಡೆಯದನ್ನೆಲ್ಲ ಬಳಿದು ಉಂಡರು. ಎಡಗಡೆಯ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಬಡಿಸಿದ ಹಾಗೆಯೇ ಇತ್ತು. ‘ಈ ಮನೆಯಲ್ಲಿ ಒಂದು ಪಲ್ಯ ಮಾಡುವವರಿಲ್ಲ’ ಎಂದು ಸೊಸೆಯನ್ನು ಗದರಿದರು. ಎಲೆಯನ್ನು ಸುತ್ತು ತಿರುಗಿಸಿ ಇಟ್ಟೆ. ಪಲ್ಯ ಸಿಕ್ಕಿತು. ಕಣ್ಣಿಗೆ ಏನೂ ಆಗಿರಲಿಲ್ಲ, ಅವರ ಪಾಲಿಗೆ ಎಡಗಡೆ ಎಂಬ ದಿಕ್ಕೇ ಅಳಿಸಿಹೋಗಿತ್ತು. ಇಂಥವರನ್ನು ಒಂಟಿಯಾಗಿ ರಸ್ತೆ ದಾಟಲು ಬಿಡಬಾರದು. ಟಿವಿ, ನೀರಿನ ಲೋಟ, ಮಾತಾಡಿಸುವವರು ಎಡಗಡೆಯಿಂದ ಬಂದು ಆ ಕಡೆಗೆ ಗಮನ ಸೆಳೆಯುತ್ತಿರಬೇಕು.

ಹಿಂಭಾಗದಲ್ಲಾದರೆ ನೋಟದ ಅರ್ಧ ಹೋಗುತ್ತದೆ, ಕಿರುಮಿದುಳಿನಲ್ಲಾದರೆ ಸಮತೋಲನ ತಪ್ಪುತ್ತದೆ, ಮಿದುಳಿನ ಕಾಂಡದಲ್ಲಾದರೆ ನುಂಗಲು ಕಷ್ಟ.

ಸ್ಟ್ರೋಕ್ ಅಲ್ಲದೆಯೂ ಮಿದುಳಿನ ಒಂದೇ ಜಾಗಕ್ಕೆ ಹಾನಿಯಾಗಬಹುದು: ಗೆಡ್ಡೆ, ಕ್ಷಯದ ಗಂಟು, ಲಾಡಿಹುಳದ ಮರಿ ಮಿದುಳಿನಲ್ಲಿ ಕಟ್ಟುವ ಗುಳ್ಳೆ, ಬಿದ್ದ ಪೆಟ್ಟು. ವಯಸ್ಸಾದವರು ಬಾತ್‌ರೂಮಿನಲ್ಲಿ ಜಾರಿ ಬಿದ್ದು, ಮೂರು ವಾರದ ಮೇಲೆ ನಿಧಾನಕ್ಕೆ ಕಾಲೆಳೆಯತೊಡಗಿದರೆ ತಲೆಬುರುಡೆಯೊಳಗೆ ರಕ್ತ ಸಂಗ್ರಹವಾಗಿರಬಹುದು, ಅದನ್ನು ತೆಗೆದರೆ ಬಹಳ ಮಂದಿ ಮೊದಲಿನಂತಾಗುತ್ತಾರೆ. ಬಾಯಿ ಸೊಟ್ಟಗಾಗಿ, ಅದೇ ಬದಿಯ ಹಣೆಯಲ್ಲೂ ಗೆರೆ ಮೂಡದೆ ಕಣ್ಣು ಮುಚ್ಚಲಾಗದಿದ್ದರೆ ಅದು ಮುಖದ ನರದ ತೊಂದರೆಯಿರಬಹುದು. ಅದನ್ನು ತೀರ್ಮಾನಿಸುವುದು ಮಾತ್ರ ಡಾಕ್ಟರು, ಪಕ್ಕದ ಮನೆಯವರಲ್ಲ.

ಹೆಜ್ಜೆ 7: ಯಾಕೆ ಬಂತು ಎಂದು ಹುಡುಕಿಸಿ

ಮೊದಲ ಅಪರಾಧಿ ಬಿಪಿ, ಎರಡೂ ಬಗೆಗೂ ಅದೇ. ಆಮೇಲೆ ಶುಗರ್, ತಂಬಾಕು, ಕೊಲೆಸ್ಟರಾಲ್, ಕುಡಿತ. ಮಹಾರಾಷ್ಟ್ರದಲ್ಲಿ ಗುಟ್ಕಾ 2012ರಿಂದ ನಿಷೇಧ. ನಿಷೇಧವಾಗಿರುವುದು ನನ್ನ ರೋಗಿಗಳ ಜೇಬಿಗೆ ಇನ್ನೂ ತಿಳಿದಿಲ್ಲ. ಉಪ್ಪು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಊರಿನಿಂದ ಬರುವ ಮಿಡಿ ಉಪ್ಪಿನಕಾಯಿ, ಒಣಮೀನು, ಹಪ್ಪಳ ಸೇರಿದರೆ ಅದು ಬೆಳಗಿನ ಗಂಜಿಯಲ್ಲೇ ಮುಗಿದಿರುತ್ತದೆ.

ಹೃದಯವನ್ನು ಪರೀಕ್ಷಿಸದೆ ಬಿಡಬೇಡಿ. ಬಡಿತ ತಾಳ ತಪ್ಪಿದರೆ ಹೃದಯದಲ್ಲಿ ಕಟ್ಟಿದ ಹೆಪ್ಪು ಮಿದುಳಿಗೆ ಹಾರುತ್ತದೆ. ಒಂದು ಇಸಿಜಿಯಲ್ಲಿ ಸಿಗದಿದ್ದರೆ 24 ಗಂಟೆಯ ಯಂತ್ರ ಕಟ್ಟುತ್ತಾರೆ. ಬಾಲ್ಯದ ಸಂಧಿವಾತ ಜ್ವರದಿಂದ ಕವಾಟ ಕೆಟ್ಟ ಮಧ್ಯವಯಸ್ಸಿನವರು ನಮ್ಮಲ್ಲಿ ಈಗಲೂ ಇದ್ದಾರೆ. ಕುತ್ತಿಗೆಯ ನಾಳಗಳಿಗೆ ಡಾಪ್ಲರ್ (ರಕ್ತ ಹೇಗೆ ಹರಿಯುತ್ತಿದೆ ಎಂದು ನೋಡುವ ಸ್ಕ್ಯಾನ್) ಮಾಡಿಸಬೇಕು. ಬಾಣಂತಿಗೆ ವಿಪರೀತ ತಲೆನೋವು, ಫಿಟ್ಸ್ ಬಂದರೆ ಮಿದುಳಿನಿಂದ ರಕ್ತ ಹೊರಬರುವ ನಾಳದಲ್ಲಿ ಹೆಪ್ಪು ಕಟ್ಟಿರಬಹುದು. ಮೈಯಲ್ಲಿ ನೀರು ಕಡಿಮೆಯಾದರೆ ಹೆಪ್ಪು ಕಟ್ಟುವುದು ಸುಲಭ, ಬಾಣಂತಿಗೆ ನೀರು ಕೊಡಬಾರದು ಎಂಬ ಅಜ್ಜಿಯ ಮಾತನ್ನು ಇದೊಂದು ವಿಷಯದಲ್ಲಿ ಕೇಳಬೇಡಿ.

ಹೆಜ್ಜೆ 8: ಮನೆಗೆ ಬಂದ ಮೇಲೆ

ಒಂದು ರೂಮು ಕಿಚನ್ನಿನ ಮನೆಯಲ್ಲಿ ಮಂಚ ಎಲ್ಲಿ ಹಾಕುವುದು ಎಂಬುದೇ ಮೊದಲ ಪ್ರಶ್ನೆ. ಗೋಡೆಯ ಬದಿಗೆ ಒಳ್ಳೆಯ ಕೈ, ಹೊರಬದಿಗೆ ಬಿದ್ದ ಕೈ ಇರಲಿ. ಜನ ಓಡಾಡುವ ಕಡೆಗೆ ಬಿದ್ದ ಬದಿ ಇದ್ದರೆ ಅದರ ನೆನಪು ಉಳಿಯುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಬೆನ್ನುಮೂಳೆಯ ತುದಿ, ಹಿಮ್ಮಡಿ ಕೆಂಪಾಗಿದೆಯೇ ನೋಡಿ. ಬಿದ್ದ ತೋಳಿನ ಕೆಳಗೆ ದಿಂಬು. ನೇರ ಕೂರಿಸದೆ ಊಟ ಕೊಡಬೇಡಿ. ತೆಳುನೀರು ಕೆಮ್ಮು ತರಿಸಿದರೆ ರಾಗಿ ಗಂಜಿಯ ಹದಕ್ಕೆ ದಪ್ಪವಿರುವುದನ್ನು ಕೊಡಬಹುದೇ ಎಂದು ನುಂಗುವ ಪರೀಕ್ಷೆ ಮಾಡಿದವರನ್ನು ಕೇಳಿ.

ವ್ಯಾಯಾಮ ಎಂದರೆ ನಾನು ಬಂದು ಕೈ ಆಡಿಸಿ ಹೋಗುವ ಮುಕ್ಕಾಲು ಗಂಟೆಯಲ್ಲ. ಉಳಿದ ಹೊತ್ತಿನಲ್ಲಿ ಅವರು ತಾವಾಗಿ ಏನು ಮಾಡುತ್ತಾರೆ ಎಂಬುದೇ ವ್ಯಾಯಾಮ. ಚೇತರಿಕೆ ಮೊದಲ ಮೂರು ತಿಂಗಳು ವೇಗ, ಆಮೇಲೆ ನಿಧಾನ, ನಿಲ್ಲುವುದಿಲ್ಲ. ಅಣ್ಣನಿಗೆ ನಾನು ರಬ್ಬರ್ ಚೆಂಡು ಕೊಟ್ಟಿದ್ದೆ, ಅವರು ಅದನ್ನು ಮುಟ್ಟಲಿಲ್ಲ. ಒಂದು ದಿನ ಗಲ್ಲಾದ ಮರದ ಟ್ರೇಯನ್ನೇ ತರಿಸಿ ಮಡಿಲಲ್ಲಿಟ್ಟೆ. ಹತ್ತರ ನಾಣ್ಯ, ಐದು, ಎರಡು, ಒಂದು ಎಲ್ಲ ಕಲಸಿ ಹಾಕಿ, ಬೇರೆ ಬೇರೆ ಗುಳಿಗೆ ಹಾಕಬೇಕು. ಬಲಗೈ ಟ್ರೇಯ ಅಂಚಿನಲ್ಲಿ ಹತ್ತು ನಿಮಿಷ ತೆವಳಿತು. ಹೆಬ್ಬೆರಳು ತೋರುಬೆರಳಿನತ್ತ ಬರುತ್ತಿರಲಿಲ್ಲ, ನಾಣ್ಯವನ್ನು ಅಂಚಿಗೆ ನೂಕಿ ಅಂಗೈಗೆ ಬೀಳಿಸಿಕೊಳ್ಳುವ ಉಪಾಯವನ್ನು ಅವರೇ ಕಂಡುಕೊಂಡರು. ಈಗ ಎಂಟು ತಿಂಗಳು. ಐದರ ದಪ್ಪ ನಾಣ್ಯ ಚಿಮುಟಿನಲ್ಲಿ ಹಿಡಿಯುತ್ತಾರೆ. ಒಂದರ ತೆಳು ನಾಣ್ಯ ಇನ್ನೂ ಜಾರುತ್ತದೆ.

ಮೂರರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಸುಮ್ಮನೆ ಗೋಡೆ ನೋಡುತ್ತಾ ಮಲಗಿದರೆ ಸೋಮಾರಿತನ ಎನ್ನಬೇಡಿ, ಡಾಕ್ಟರಿಗೆ ಹೇಳಿ, ಮಾತ್ರೆಯಿದೆ. ಕಾರಣವಿಲ್ಲದೆ ಅಳು, ನಗು ಉಕ್ಕುವುದೂ ಗಾಯದ ಪರಿಣಾಮವೇ.

ಹೆಜ್ಜೆ 9: ಮಾತು, ಯಾವ ಭಾಷೆಯಲ್ಲಿ?

ಮುಂಬಯಿಯ ನಮ್ಮಂಥವರಿಗೆ ಇದು ದೊಡ್ಡ ವಿಷಯ. ಆಸ್ಪತ್ರೆಯಲ್ಲಿ ಅಣ್ಣನಿಗೆ ಮರಾಠಿಯಲ್ಲಿ ‘ಹಾತ್ ವರ್ ಕರಾ’ (ಕೈ ಎತ್ತಿ) ಎಂದರು, ಹಿಂದಿಯಲ್ಲೂ ಹೇಳಿದರು. ಸುಮ್ಮನೆ ನೋಡಿದರು. ‘ಅರ್ಥವಾಗುತ್ತಿಲ್ಲ’ ಎಂದು ಫೈಲಿನಲ್ಲಿ ಬರೆದಾಯಿತು. ಸಂಜೆ ತಂಗಿಯ ಮಗಳು ಬಂದು ‘ಕೈ ದೆರ್ಪುಲೆ ಮಾಮಾ’ ಎಂದು ತುಳುವಿನಲ್ಲಿ ಹೇಳಿದಳು. ಎಡಗೈ ಮೇಲೆದ್ದಿತು.

ಹಲವು ಭಾಷೆ ಬಲ್ಲವರಲ್ಲಿ ಯಾವುದು ಮೊದಲು ಮರಳುತ್ತದೆ ಎಂಬ ಚರ್ಚೆ ಹಳೆಯದು. ಮೊದಲು ಕಲಿತದ್ದು ಉಳಿಯುತ್ತದೆ ಎಂದು ರಿಬೋ, ಹೆಚ್ಚು ಬಳಸುತ್ತಿದ್ದದ್ದು ಮೊದಲು ಬರುತ್ತದೆ ಎಂದು 1895ರಲ್ಲಿ ಪಿತ್ರ್, ಇಬ್ಬರೂ ಫ್ರಾನ್ಸಿನವರು. ಬಹಳ ಮಂದಿಗೆ ಎಲ್ಲ ಭಾಷೆಗಳೂ ಜೊತೆಜೊತೆಗೇ ಸುಧಾರಿಸುತ್ತವೆ. ಅಣ್ಣ ಮಾತ್ರ ಇಬ್ಬರನ್ನೂ ಸರಿ ಮಾಡಿದರು: ಅಂಕಿಗಳು ಗಲ್ಲಾದ ಹಿಂದಿಯಲ್ಲಿ ಬಂದವು, ಬೈಗುಳ ತುಳುವಿನಲ್ಲಿ.

ಆದ್ದರಿಂದ ಪರೀಕ್ಷೆಯ ಹೊತ್ತಿಗೆ ಮನೆಮಾತು ಬಲ್ಲವರೊಬ್ಬರು ಪಕ್ಕದಲ್ಲಿರಿ, ದುಭಾಷಿಯಾಗಿ ನಿಲ್ಲುತ್ತೇನೆ ಎಂದು ಡಾಕ್ಟರಿಗೆ ಹೇಳಿ. ಬಾಂದ್ರಾದಲ್ಲಿ ಕೇಂದ್ರ ಸರ್ಕಾರದ ಅಲಿ ಯಾವರ್ ಜಂಗ್ ವಾಕ್ ಶ್ರವಣ ಸಂಸ್ಥೆಯಿದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ಬಗ್ಗೆ ಹೇಳಬೇಕಿಲ್ಲ. ಮಾತಿನ ಹಾನಿಯನ್ನು ಅಳೆಯುವ ಪರೀಕ್ಷೆಯ ಕನ್ನಡ ರೂಪವೂ ಇದೆ, ಊರಿಗೆ ಹೋಗುವವರು ಅಲ್ಲಿ ಮಾಡಿಸಬಹುದು. ಮನೆಯಲ್ಲಿ ತಾನಾಗಿ ಹರಿಯುವ ಮಾತಿನಿಂದ ಶುರುಮಾಡಿ: ಒಂದರಿಂದ ಹತ್ತು, ವಾರಗಳ ಹೆಸರು, ಮಗ್ಗಿ, ದಿನಾ ಹೇಳುತ್ತಿದ್ದ ದೇವರನಾಮ. ಮಾತು ಬಾರದವರೂ ರಾಗ ಹಿಡಿದರೆ ಪದ ಹಾಡುವುದುಂಟು. ಒಂದು ಸಲಕ್ಕೆ ಒಂದೇ ಪ್ರಶ್ನೆ, ಹೌದು-ಇಲ್ಲ ಎಂದು ಉತ್ತರಿಸುವಂಥದ್ದು. ಟಿವಿ ಆರಿಸಿ. ಕಿವಿ ಕೇಳುತ್ತದೆ, ಕೂಗಬೇಡಿ. ಪದ ಬರಲು ಹತ್ತು ಸೆಕೆಂಡು ಬೇಕಾದರೆ ಹತ್ತು ಸೆಕೆಂಡು ಕಾಯಿರಿ. ನಮ್ಮಲ್ಲಿ ಬಹಳ ಮಂದಿ ಹೋಟೆಲಿನವರು, ಇದು ನಮಗೆ ಭಾರೀ ಕಷ್ಟ.

ಹೆಜ್ಜೆ 10: ಮಾತ್ರೆ, ಕಾಗದ

ಒಮ್ಮೆ ಬಂದವರಿಗೆ ಮತ್ತೆ ಬರುವ ಸಾಧ್ಯತೆ ಹೆಚ್ಚು. ಹೆಪ್ಪಿನ ಸ್ಟ್ರೋಕಾದರೆ ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್, ಜೊತೆಗೆ ಕೊಲೆಸ್ಟರಾಲಿನ ಮಾತ್ರೆ. ಸಣ್ಣ ಹೊಡೆತವಾಗಿದ್ದರೆ ಮೊದಲ ಕೆಲವು ವಾರ ಆ ಎರಡನ್ನೂ ಸೇರಿಸಿ ಕೊಟ್ಟು ಆಮೇಲೆ ಒಂದನ್ನು ನಿಲ್ಲಿಸುತ್ತಾರೆ, ಯಾವಾಗ ಎಂದು ಬರೆಸಿಕೊಳ್ಳಿ. ಹೃದಯದ ತಾಳ ತಪ್ಪಿದವರಿಗೆ ಬೇರೆಯೇ ಬಗೆಯ ರಕ್ತ ತೆಳುಮಾಡುವ ಮಾತ್ರೆ. ಬಿಪಿ 130/80ರೊಳಗೆ ಇರಿಸುವುದು ಸಾಮಾನ್ಯ ಗುರಿ. ‘ಈಗ ಬಿಪಿ ನಾರ್ಮಲ್, ಮಾತ್ರೆ ಬಿಟ್ಟೆ’ ಎಂಬ ವಾಕ್ಯವನ್ನು ಎರಡನೇ ಸಲ ಲಕ್ವ ಹೊಡೆದ ಮನೆಗಳಲ್ಲಿ ಕೇಳುತ್ತೇನೆ. ನಾರ್ಮಲ್ ಇದ್ದದ್ದು ಮಾತ್ರೆಯಿಂದ. ಹಲ್ಲು ಕೀಳಿಸಲು ಹೋದಾಗಲೂ ರಕ್ತ ತೆಳುವಿನ ಮಾತ್ರೆಯನ್ನು ಬರೆದ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

ಆಸ್ಪತ್ರೆಯ ಖರ್ಚಿಗೆ ಮಹಾರಾಷ್ಟ್ರ ಸರ್ಕಾರದ ಮಹಾತ್ಮಾ ಫುಲೆ ಜನ ಆರೋಗ್ಯ ಯೋಜನೆ ಇದೆ. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ‘ಆರೋಗ್ಯಮಿತ್ರ’ ಎಂಬ ಸಹಾಯಕರ ಮೇಜು ಇರುತ್ತದೆ, ರೇಷನ್ ಕಾರ್ಡು ಹಿಡಿದು ಮೊದಲ ದಿನವೇ ಹೋಗಿ. ಹಾಜಿ ಅಲಿಯಲ್ಲಿ ಕೇಂದ್ರ ಸರ್ಕಾರದ ದೈಹಿಕ ಪುನರ್ವಸತಿ ಸಂಸ್ಥೆಯಿದೆ, ಕಾಲಿನ ಸ್ಪ್ಲಿಂಟು, ವಾಕರಿಗೆ ಅಲ್ಲಿ ವಿಚಾರಿಸಬಹುದು. ತಿಂಗಳುಗಳು ಕಳೆದರೂ ಕೊರತೆ ಉಳಿದರೆ ಅಂಗವಿಕಲ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯಲ್ಲಿ ಸ್ಟ್ರೋಕಿನಿಂದ ಶಾಶ್ವತವಾಗಿ ಮಾತು ಹೋದದ್ದನ್ನೂ ಅಂಗವಿಕಲತೆ ಎಂದೇ ಹೇಳಿದೆ, ಕೈಕಾಲು ಸರಿಯಿದೆ ಎಂದು ಸುಮ್ಮನಿರಬೇಡಿ. ಬಹಳಷ್ಟು ಸೌಲಭ್ಯಗಳಿಗೆ ಕನಿಷ್ಠ ಶೇ. 40 ಅಂಗವಿಕಲತೆ ಇರಬೇಕು. ಅರ್ಜಿ ಆನ್‌ಲೈನ್, ತಪಾಸಣೆಗೆ ಖುದ್ದಾಗಿ ಹೋಗಬೇಕು. ಹೋಗುವಾಗ ಡಿಸ್ಚಾರ್ಜ್ ಕಾಗದದ ಮೂಲಪ್ರತಿ, ಸ್ಕ್ಯಾನಿನ ಫಿಲ್ಮು, ಒಂದು ಬಾಟಲಿ ನೀರು ಇಟ್ಟುಕೊಳ್ಳಿ. ಲೋಕಲ್ ಟ್ರೈನಿನಲ್ಲಿ ಹೋಗುವುದಾದರೆ ದಿವ್ಯಾಂಗರ ಡಬ್ಬಿ ಹತ್ತಿ, ಹನ್ನೊಂದರ ಮೇಲೆ ಹೊರಡಿ. ಅದಕ್ಕೆ ಮುಂಚೆ ಆ ಡಬ್ಬಿಯಲ್ಲೂ ನಿಲ್ಲಲು ಜಾಗವಿರುವುದಿಲ್ಲ.